ಮಗುಟದ ಅಂಗಿ

ಮೊನ್ನೆ ಭಾನುವಾರ ಕನ್ನಡಕ ಒರೆಸುವುದಕ್ಕೆ ಒಂದು ಮೆತ್ತನೆಯ ಬಟ್ಟೆ ಹುಡುಕುತ್ತಿದ್ದೆ. ಕನ್ನಡಕದ ಅಂಗಡಿಯವರು ಕೊಡುವ ಪುಟ್ಟ ಹಳದಿ ಬಟ್ಟೆ ನನ್ನ ಹತ್ತಿರ ಒಂದು ವಾರಕ್ಕಿಂತ ಹೆಚ್ಚು ಉಳಿದ ಇತಿಹಾಸವಿಲ್ಲ. ಪಂಚೆಯ ಅಂಚಿನಲ್ಲಿ ಒರೆಸಿದರೆ ಗಾಜು ಇನ್ನಷ್ಟು ಮಸುಕಾಗುತ್ತದೆ. ಸರಿ, ಬೀರುವಿನ ಕೆಳಗಿನ ಖಾನೆಗೆ ಕೈ ಹಾಕಿದೆ. ಆ ಖಾನೆ ಹೇಗೆಂದು ನಾನು ಹೇಳಬೇಕಾಗಿಲ್ಲ, ನಿಮ್ಮ ಮನೆಯಲ್ಲೂ ಒಂದು ಇದ್ದೇ ಇರುತ್ತದೆ. ಎಸೆಯಲು ಮನಸ್ಸು ಬಾರದ, ಇಟ್ಟುಕೊಳ್ಳಲು ಕಾರಣವೂ ಸಿಗದ ಸಾಮಾನುಗಳೆಲ್ಲ ಅಲ್ಲಿ ಬಂದು ಸೇರುತ್ತವೆ. ಬೀಗ ಇಲ್ಲದ ಬೀಗದ ಕೈಗಳು, ಯಾರದೋ ಮದುವೆಯ ತಾಂಬೂಲದ ಚೀಲ, ನಿಂತುಹೋದ ಗಡಿಯಾರ.

ಖಾನೆಯನ್ನು ಪೂರ್ತಿ ನೆಲದ ಮೇಲೆ ಸುರಿದಾಗ ನನ್ನ ಮಗಳು ಸಿರಿ ಪಕ್ಕದಲ್ಲೇ ಇದ್ದಳು. ಅವಳಿಗೀಗ ಹದಿಮೂರು. ಆ ವಯಸ್ಸಿನವರಿಗೆ ಅಪ್ಪ ಮಾಡುವ ಎಲ್ಲ ಕೆಲಸವೂ ಸ್ವಲ್ಪ ಪೆದ್ದುತನದ್ದಾಗಿ ಕಾಣುತ್ತದೆ. ರಾಶಿಯೊಳಗಿಂದ ಅವಳು ಒಂದು ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. ಬದನೆಕಾಯಿ ಬಣ್ಣದ ರೇಷ್ಮೆ, ಗೇಣುದ್ದದ ತೋಳಿಲ್ಲದ ಅಂಗಿ, ಬೆನ್ನ ಹಿಂದೆ ಕಟ್ಟುವುದಕ್ಕೆ ಎರಡು ಲಾಡಿ.

"ಅಪ್ಪಾ, ಇದ್ಯಾವ ಗೊಂಬೇದು? ಎಷ್ಟು ಕೆಟ್ಟದಾಗಿ ಹೊಲ್ದಿದಾರೆ ನೋಡು!"

"ಆಮೇಲೆ ಹೇಳ್ತೀನಿ, ಕೊಡಿಲ್ಲಿ," ಎಂದೆ. ಅವಳು ಅದನ್ನು ನನ್ನ ಮಡಿಲಿಗೆ ಎಸೆದು ಟೀವಿ ನೋಡಲು ಹೋದಳು. ನಾನು ಬೀರುವಿಗೆ ಒರಗಿ ನೆಲದ ಮೇಲೇ ಕೂತೆ. ಕನ್ನಡಕ ಒರೆಸುವುದು ಮರೆತೇ ಹೋಯಿತು.

ಅದು ಗೊಂಬೆಯದಲ್ಲ. ಸಿರಿಗೆ ಒಂದು ವರ್ಷ ಎಂಟು ತಿಂಗಳಿದ್ದಾಗ ಅವಳ ಅಜ್ಜಿ, ಅಂದರೆ ನನ್ನ ಅಮ್ಮ, ತನ್ನ ಹರಿದ ಮಗುಟ ಕತ್ತರಿಸಿ ಕೈಯಲ್ಲೇ ಹೊಲಿದ ಅಂಗಿ. ಮಗುಟವೆಂದರೆ ಮಡಿಗೆಂದು ಉಡುವ ರೇಷ್ಮೆ ಸೀರೆ. ಅಂಗಿಯ ಕತೆ ಹೇಳಬೇಕಾದರೆ ಮೊದಲು ಸಿರಿಯ ಇಕ್ಕಳದ ಕತೆ ಹೇಳಬೇಕು.

ಆಗ ನಾವಿದ್ದದ್ದು ಚಾಮರಾಜಪೇಟೆಯಲ್ಲಿ, ನಾನು ಹುಟ್ಟಿ ಬೆಳೆದ ಹಳೆಯ ಮನೆಯಲ್ಲಿ. ಕೆಂಪು ಗಾರೆಯ ನೆಲ, ಉದ್ದಕ್ಕೆ ರೈಲಿನಂತೆ ಒಂದರ ಹಿಂದೆ ಒಂದು ಕೋಣೆ, ಕೊನೆಯಲ್ಲಿ ಅಡುಗೆಮನೆ. ಸಿರಿ ನಡೆಯಲು ಕಲಿತದ್ದೇ ತಡ, ಮನೆಗೆ ಆಟದ ಸಾಮಾನುಗಳು ಬರತೊಡಗಿದವು. ನಾನೂ ಒಂದು ಸಂಜೆ ವಿಮಾ ಕಚೇರಿಯ ಗುಮಾಸ್ತಿಕೆ ಮುಗಿಸಿಕೊಂಡು ಬರುವಾಗ ಗಾಂಧಿ ಬಜಾರಿನಲ್ಲಿ ಇಳಿದು, ಕೀಲಿ ಕೊಟ್ಟರೆ ತಮಟೆ ಬಡಿಯುವ ಕರಡಿಯೊಂದನ್ನು ತಂದೆ. ಕರಡಿ ಬಡಿಯಿತು. ಸಿರಿ ಒಂದು ಸಲ ಕರಡಿಯನ್ನು ನೋಡಿದಳು, ಒಂದು ಸಲ ನನ್ನನ್ನು ನೋಡಿದಳು, ಎದ್ದು ಹೋದಳು. ಆ ಕರಡಿಯ ಜೊತೆ ಆಮೇಲೆ ಆಡಿದವನು ನಾನೊಬ್ಬನೇ.

ಅವಳ ಜೀವವೆಲ್ಲ ಇದ್ದದ್ದು ಅಡುಗೆಮನೆಯ ಸಾಮಾನಿನಲ್ಲಿ. ಕುಕ್ಕರಿನ ಕಪ್ಪು ಗ್ಯಾಸ್ಕೆಟ್ಟನ್ನು ಮಾಲೆಯಂತೆ ಕೊರಳಿಗೆ ಹಾಕಿಕೊಂಡು ಮನೆಯೆಲ್ಲ ಗಂಭೀರವಾಗಿ ಓಡಾಡುತ್ತಿದ್ದಳು. ಚಕ್ಕುಲಿ ಒರಳಿನ ಬಿಲ್ಲೆಯನ್ನು ಕಣ್ಣಿಗೆ ಹಿಡಿದು ಅದರ ತೂತಿನಿಂದ ನನ್ನನ್ನು ಎಷ್ಟೋ ಹೊತ್ತು ನೋಡುತ್ತಿದ್ದಳು. ಆ ತೂತಿನಿಂದ ನಾನು ಹೇಗೆ ಕಾಣುತ್ತಿದ್ದೆನೋ, ಮುಖದಲ್ಲಿ ಮೆಚ್ಚುಗೆಯಂತೂ ಇರಲಿಲ್ಲ. ಎಲ್ಲಕ್ಕಿಂತ ಮಿಗಿಲಾದದ್ದು ಇಕ್ಕಳ. ಬಿಸಿ ಪಾತ್ರೆ ಇಳಿಸುವ, ತುದಿ ಸವೆದ ಹಳೆಯ ಇಕ್ಕಳ. ಎರಡೂ ಕೈಯಲ್ಲಿ ಅದನ್ನು ಹಿಡಿದು ಪೇಪರಿನ ಮೂಲೆ, ನನ್ನ ಬನಿಯನ್ನು, ಒಂದೆರಡು ಸಲ ನನ್ನ ಮೂಗು, ಹೀಗೆ ಸಿಕ್ಕಿದ್ದನ್ನೆಲ್ಲ ಕಚ್ಚಿಸುತ್ತಿದ್ದಳು. "ಇಕ್ಕ" ಎನ್ನುವುದು ಅವಳು ಕಲಿತ ಮೂರನೆಯ ಮಾತು. ಮೊದಲನೆಯದು ಅಮ್ಮ, ಎರಡನೆಯದು ಅಜ್ಜಿ. ನಾನು ಇಕ್ಕಳಕ್ಕಿಂತ ಹಿಂದೆ ಬಿದ್ದೆ.

ಇದೆಲ್ಲ ಸಂಜೆಯ ಆಟ. ತೊಂದರೆಯಿದ್ದದ್ದು ಬೆಳಗಿನಲ್ಲಿ. ಸಂಜೆ ಸುಮ್ಮನೆ ಬಿದ್ದಿರುವ ಇಕ್ಕಳಕ್ಕೂ, ಬೆಳಿಗ್ಗೆ ಕೊತಕೊತ ಕುದಿಯುವ ಹುಳಿಯ ಪಾತ್ರೆಯನ್ನು ಕಚ್ಚಿ ಕೆಳಗಿಳಿಸುವ ಇಕ್ಕಳಕ್ಕೂ ಇರುವ ವ್ಯತ್ಯಾಸ ಮಗುವಿಗೆ ಗೊತ್ತಾಗಿಬಿಟ್ಟಿತ್ತು. ಅವಳಿಗೆ ಕೆಲಸ ಮಾಡುತ್ತಿರುವ ಇಕ್ಕಳವೇ ಬೇಕು. ಆದರೆ ಬೆಳಿಗ್ಗೆ ಅಡುಗೆಮನೆ ಅಮ್ಮನ ಮಡಿಯ ಸೀಮೆ. ಸ್ನಾನ ಮಾಡಿ, ಹಿಂದಿನ ದಿನ ಒಗೆದು ಗಳದ ಮೇಲೆ ಯಾರ ಕೈಗೂ ಸಿಗದಂತೆ ಹರವಿದ್ದ ಸೀರೆಯುಟ್ಟು ಅಮ್ಮ ಒಳಗೆ ಹೋದಳೆಂದರೆ, ದೇವರಿಗೆ ನೈವೇದ್ಯವಾಗಿ ಊಟ ಮುಗಿಯುವ ತನಕ ಮಾಮೂಲಿ ಬಟ್ಟೆಯವರು ಅವಳನ್ನು ಮುಟ್ಟುವಂತಿಲ್ಲ, ಹೊಸ್ತಿಲು ದಾಟುವಂತಿಲ್ಲ. ನನ್ನ ಹೆಂಡತಿ ಸುಮಾಗೆ ಕಾಫಿ, ತಿಂಡಿಗೆಂದು ನಡುಮನೆಯಲ್ಲೇ ಇನ್ನೊಂದು ಒಲೆಯಿತ್ತು. ಅವಳು ಶಾಲೆಗೆ ಪಾಠ ಹೇಳಲು ಹೋಗುವವಳು, ಒಂಬತ್ತಕ್ಕೆಲ್ಲ ಹೊರಟುಬಿಡುತ್ತಿದ್ದಳು. ಮುಟ್ಟಿದರೆ ಅಮ್ಮ ಮತ್ತೆ ತಣ್ಣೀರು ಸುರಿದುಕೊಳ್ಳಬೇಕು. ಹಾಗಾಗಿ ಯಾರೂ ಮುಟ್ಟುತ್ತಿರಲಿಲ್ಲ.

ಮಡಿಯ ಪರವಾಗಿ ನಾನಿಲ್ಲಿ ಮಾತಾಡುತ್ತಿಲ್ಲ. ಅದು ಎಷ್ಟು ಜನರನ್ನು ಎಷ್ಟು ದೂರ ನಿಲ್ಲಿಸಿತೆಂದು ನನಗೂ ಗೊತ್ತಿದೆ, ಅವರ ದೂರಿನ ಮುಂದೆ ನನ್ನದು ದೂರೇ ಅಲ್ಲ. ಆದರೂ ಆರು ವರ್ಷದ ಹುಡುಗನಿಗೆ ಅವನದೂ ಒಂದು ದೂರು ಇರುತ್ತದೆ. ನನ್ನ ಪಾಲಿಗೆ ಅಮ್ಮಂದಿರು ಇಬ್ಬರಿದ್ದರು. ಸಂಜೆಯ ಅಮ್ಮ ನನ್ನವಳು. ತಲೆ ಬಾಚುತ್ತಿದ್ದಳು, ತೊಡೆಯ ಮೇಲೆ ಮಲಗಿಸಿಕೊಳ್ಳುತ್ತಿದ್ದಳು, ಅವಳ ಹಳೆಯ ವಾಯಿಲ್ ಸೀರೆಯಲ್ಲಿ ಮೂಗು ಒರೆಸಿಕೊಂಡರೂ ಬೈಯುತ್ತಿರಲಿಲ್ಲ. ಬೆಳಗಿನ ಅಮ್ಮ ದೇವರವಳು. ಶಾಲೆಗೆ ಹೊರಟಾಗ ಕೈಗೆ ಚಕ್ಕುಲಿಯನ್ನೋ ಕೊಬ್ಬರಿ ಬೆಲ್ಲವನ್ನೋ ಕೊಡುವಾಗ ನಾನು ಬೊಗಸೆಯೊಡ್ಡಿ ನಿಲ್ಲಬೇಕು, ಅವಳು ಒಂದು ಗೇಣು ಮೇಲಿನಿಂದ ಅದನ್ನು ಬಿಡಬೇಕು. ಬೆರಳಿಗೆ ಬೆರಳು ತಾಗಬಾರದು.

ಒಂದನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಶಾಲೆಯ ಮೆಟ್ಟಿಲಿಂದ ಬಿದ್ದು ಮಂಡಿ ಒಡೆದುಕೊಂಡೆ. ಮೇಷ್ಟರು ಮನೆಗೆ ಕಳಿಸಿದರು. ಎರಡು ಬೀದಿ ಅಳು ನುಂಗಿಕೊಂಡು ನಡೆದು ಬಂದವನು ಅಡುಗೆಮನೆಯ ಹೊಸ್ತಿಲ ಮುಂದೆ ಬಾಯಿಬಿಟ್ಟೆ. ಕಾಲುಚೀಲದ ತನಕ ರಕ್ತ ಇಳಿದಿತ್ತು. ಅಮ್ಮ ಒಲೆಯ ಮುಂದಿನಿಂದ ಎದ್ದು ಓಡಿ ಬಂದಳು, ಹೊಸ್ತಿಲ ಹತ್ತಿರ ನಿಂತುಬಿಟ್ಟಳು. ನಾನು ಈಚೆ, ಅವಳು ಆಚೆ. ಆಮೇಲೆ ಅವಳು ಏನು ಮಾಡಿದಳು ಗೊತ್ತೇ? ಕೂತುಕೊಂಡು, ಅಲ್ಲಿಂದಲೇ ನನ್ನ ಮಂಡಿಗೆ ಉಫ್ ಉಫ್ ಎಂದು ಊದಿದಳು. ಗಾಳಿಗೆ ಮೈಲಿಗೆಯಿಲ್ಲವಲ್ಲ. ಮೇಲಿನಿಂದ ಅರಿಸಿನ ಉದುರಿಸಿದಳು. "ಅಲ್ಲೇ ಕೂತಿರು ರಘು, ಬಂದ್ಬಿಟ್ಟೆ," ಎಂದು ಒಳಗೆ ಹೋದಳು. ಅವಳು ಮಡಿ ಬಿಟ್ಟು ಬಂದು ನನ್ನನ್ನು ಎತ್ತಿಕೊಳ್ಳುವ ಹೊತ್ತಿಗೆ ರಕ್ತವೂ ಒಣಗಿತ್ತು, ಅಳುವೂ ಒಣಗಿತ್ತು. ಎತ್ತಿಕೊಂಡರೆ ಕೊಸರಿಕೊಂಡೆ. ಆಗ ಬೇಕಿತ್ತು ನನಗೆ, ಈಗಲ್ಲ.

ಮೂವತ್ತೈದು ವರ್ಷದವನಾಗಿ, ಒಂದು ಮಗುವಿನ ಅಪ್ಪನಾಗಿ, ಪಿಎಫ್ ಲೋನಿನ ಅರ್ಜಿ ತುಂಬುವ ಮನುಷ್ಯನಾಗಿಯೂ ಆ ಒಂದು ಗಂಟೆ ನನಗೆ ಮರೆತಿರಲಿಲ್ಲ. ಹೇಳಿಕೊಳ್ಳಲು ನಾಚಿಕೆ, ಅಷ್ಟೇ.

ಸಿರಿ ನನ್ನಂಥವಳಲ್ಲ. ಅವಳು ಹೊಸ್ತಿಲಲ್ಲಿ ನಿಂತು ಕಣ್ಣೀರು ನುಂಗುವ ಜಾತಿಯೇ ಅಲ್ಲ. "ಇಕ್ಕಾ!" ಎಂದು ಶುರುಮಾಡಿದರೆ ಎದುರುಮನೆಯವರು ಕಿಟಕಿ ತೆಗೆದು ನೋಡಬೇಕು. ಬಟ್ಟೆ ತೊಡದ ಹಸುಳೆಗೆ ಮಡಿಯ ನಿಯಮ ತಗಲುವುದಿಲ್ಲವಂತೆ. ಆದರೆ ಅದು ಡಿಸೆಂಬರು, ಮಗುವಿಗೆ ಸದಾ ನೆಗಡಿ, ಎರಡು ಸ್ವೆಟರಿಲ್ಲದೆ ಬಿಡುವಂತಿರಲಿಲ್ಲ. ನಾಲ್ಕು ದಿನ ಅಮ್ಮ ಈ ಗಲಾಟೆ ತಡೆದುಕೊಂಡಳು. ಐದನೆಯ ದಿನ ಮಧ್ಯಾಹ್ನ ನಡುಮನೆಯಲ್ಲಿ ಕೂತು, ಅಂಚು ಹರಿದ ಹಳೆಯ ಮಗುಟವನ್ನು ಕತ್ತರಿಸತೊಡಗಿದಳು. ರೇಷ್ಮೆಗೆ ಮೈಲಿಗೆ ಅಂಟುವುದಿಲ್ಲ ಎನ್ನುವುದು ಅವಳ ಲೆಕ್ಕ. ಒಲೆಯ ಬಿಸಿಯಿರುವುದರಿಂದ ಒಳಗೆ ಚಳಿಯೂ ಆಗುವುದಿಲ್ಲ. ಮಾರನೆಯ ದಿನ ಸಿರಿ ರೇಷ್ಮೆಯ ಅಂಗಿ ತೊಟ್ಟು, ಒಲೆಯಿಂದ ದೂರದ ಮೂಲೆಯಲ್ಲಿ ಮಣೆಯ ಮೇಲೆ ಮಹಾರಾಣಿಯ ಹಾಗೆ ಕೂತಿದ್ದಳು.

ಸುಮಾಗೆ ಒಳಗೊಳಗೇ ನಗು. ಹೊಸ್ತಿಲ ಈಚೆಯಿಂದ ಕೇಳಿದಳು: "ಅತ್ತೆ, ಬಟ್ಟೆ ರೇಷ್ಮೆ ಸರಿ, ಹೊಲ್ದಿರೋ ದಾರ ನೂಲಿಂದಲ್ವಾ?"

ಅಮ್ಮನ ಮುಖ ಸಣ್ಣಗಾಯಿತು. ಅವತ್ತು ಮಧ್ಯಾಹ್ನ ಪೂರ್ತಿ ಕೂತು ಅಂಗಿಯ ಹೊಲಿಗೆಯನ್ನೆಲ್ಲ ಬಿಚ್ಚಿ, ಮಗುಟದ ಉಳಿದ ತುಂಡಿನಿಂದಲೇ ಒಂದೊಂದು ಎಳೆ ರೇಷ್ಮೆ ಎಳೆದು, ಆ ಎಳೆಯನ್ನು ಸೂಜಿಗೆ ಪೋಣಿಸಿ, ಮತ್ತೆ ಹೊಲಿದಳು. ಸಿರಿ ಕೆಟ್ಟದಾಗಿದೆ ಎಂದಳಲ್ಲ, ಆ ಹೊಲಿಗೆ ಅದು. ಎಳೆ ಪದೇ ಪದೇ ತುಂಡಾಗುತ್ತಿತ್ತು, ಅಮ್ಮನ ಕನ್ನಡಕದ ನಂಬರೂ ಬದಲಾಗಿತ್ತು.

ಎದುರುಮನೆಯ ಇಂದಿರಮ್ಮ ಮಡಿಯಲ್ಲಿ ಅಮ್ಮನಿಗಿಂತ ಒಂದು ಕೈ ಮೇಲು. ಒಂದು ಬೆಳಿಗ್ಗೆ ಹೆಪ್ಪು ಕೇಳಿಕೊಂಡು ಬಂದವರು ಒಳಗೆ ಕೂತಿದ್ದ ಮಗುವನ್ನು ನೋಡಿ ಬೆಚ್ಚಿಬಿದ್ದರು.

"ಏನ್ರೀ ಇದು, ಮಡೀಲಿ ಮಗು?"

"ರೇಷ್ಮೆ ರೀ, ಪೂರ್ತಿ ರೇಷ್ಮೆ. ದಾರಾನೂ ರೇಷ್ಮೇದೇ," ಎಂದಳು ಅಮ್ಮ.

"ಅದಿರ್ಲಿ, ಹೊಲಿದಿದ್ದು ಮಡಿಗೆ ಬರತ್ತೇನ್ರೀ?"

ಬರುವುದಿಲ್ಲ. ಹೊಲಿದ ಬಟ್ಟೆ ಯಾವುದೂ ಮಡಿಗೆ ಬರುವುದಿಲ್ಲ. ಆ ವಿಷಯ ಅಮ್ಮನಿಗೆ ಹುಟ್ಟಿದಾಗಿನಿಂದ ಗೊತ್ತು. ದಾರದ ಬಗ್ಗೆ ಅಷ್ಟು ತಲೆ ಕೆಡಿಸಿಕೊಂಡವಳು ಈ ಮೂಲ ಪ್ರಶ್ನೆಯ ಹತ್ತಿರವೇ ಸುಳಿದಿರಲಿಲ್ಲ. ಅಮ್ಮ ಹೇಳಿದಳು: "ಮಗು ಅಳತ್ತೆ ರೀ. ಅದಕ್ಕೆ ಬರತ್ತೆ."

ಅಷ್ಟರಲ್ಲಿ ಸಿರಿ ಎದ್ದು ಬಂದು, ಇಂದಿರಮ್ಮನವರಿಗೆ "ದೂಲ, ದೂಲ" ಎಂದು ಅಜ್ಜಿ ದೂರ ಸರಿಯೆನ್ನುವ ಹಾಗೆ ಕೈಯಾಡಿಸಿ, ತನ್ನ ಕೈಯಲ್ಲಿದ್ದ ಅರ್ಧ ಕಡಿದ ಬಿಸ್ಕತ್ತನ್ನು ತುದಿಗಾಲಲ್ಲಿ ನಿಂತು ಮೇಲಿನಿಂದ ಬಿಟ್ಟಳು. ಅಜ್ಜಿ ಕೊಡುವ ರೀತಿಯೇ ಕೊಡುವ ರೀತಿಯೆಂದು ಅವಳು ಅದಾಗಲೇ ಕಲಿತಿದ್ದಳು. ಬಿಸ್ಕತ್ತು ಇಂದಿರಮ್ಮನವರು ಹೊಸ್ತಿಲ ಮೇಲಿಟ್ಟಿದ್ದ ಹೆಪ್ಪಿನ ಬಟ್ಟಲಿಗೇ ಬಿತ್ತು. ಅವರು ನಗಬೇಕೋ ಬೇಡವೋ ಎಂದು ಯೋಚಿಸಿ ಕೊನೆಗೆ ನಕ್ಕರು.

ಆದರೆ ಮಗುವಿನ ತಲೆಯಲ್ಲಿ ಒಂದು ತಪ್ಪು ಲೆಕ್ಕ ಗಟ್ಟಿಯಾಗಿ ಕೂತುಬಿಟ್ಟಿತು. ಲೋಕದಲ್ಲಿ ಇಷ್ಟವಾದ ಯಾವ ವಸ್ತುವನ್ನು ಮುಟ್ಟಬೇಕಾದರೂ ಈ ಅಂಗಿ ಬೇಕು ಎಂದು. ಟೆಲಿಫೋನ್ ಮುಟ್ಟುವ ಮೊದಲು ಹೋಗಿ ಅಂಗಿ ತರುತ್ತಿದ್ದಳು. ನನ್ನ ಶೇವಿಂಗ್ ಬ್ರಷ್ಷಿಗೂ ಅಂಗಿ. ಒಂದು ಸಂಜೆ ಪಾತ್ರೆ ಅಂಗಡಿಗೆ ಕರೆದುಕೊಂಡು ಹೋಗಿದ್ದೆವು. ಗೋಡೆಯ ತುಂಬ ಸೌಟು, ಜಾಲರಿ, ಜರಡಿ, ಹೊಚ್ಚ ಹೊಸ ಇಕ್ಕಳಗಳ ದೊಡ್ಡ ಗೊಂಚಲು. ಅವಳ ಕಣ್ಣು ಅಗಲವಾದವು. ಕೈ ಚಾಚಿದಳು, ತಟ್ಟನೆ ಹಿಂದಕ್ಕೆ ಎಳೆದುಕೊಂಡಳು. ಮೈ ನೋಡಿಕೊಂಡಳು. "ಅಂಗಿ! ಅಂಗಿ!" ಎಂದು ಕಿರುಚಿ ಅಳತೊಡಗಿದಳು.

"ಮಗೂಗೆ ಚಳಿ ಆಗ್ತಿದೆ ಅನ್ಸತ್ತೆ ಸಾರ್, ಬೇಗ ಮನೆಗೆ ಕರ್ಕೊಂಡ್ ಹೋಗಿ," ಎಂದರು ಅಂಗಡಿಯವರು. ಮಗು ಎರಡು ಸ್ವೆಟರು, ಕುಲಾವಿ ಹಾಕಿಕೊಂಡು ಬೆವರುತ್ತಿತ್ತು.

ದಿನ ಕಳೆದಂತೆ ಅಮ್ಮನ ಕಾನೂನು ಸಡಿಲಾಗುತ್ತ ಬಂತು. ಮೊದಲ ವಾರ ಸಿರಿ ಬೇರೆಲ್ಲ ಬಟ್ಟೆ ಬಿಚ್ಚಿ ಅಂಗಿಯನ್ನು ಸರಿಯಾಗಿ ತೊಡಬೇಕಿತ್ತು. ಆಮೇಲೆ ಸ್ವೆಟರಿನ ಮೇಲೆ ತೊಟ್ಟರೂ ಆಯಿತು. ಆಮೇಲೆ ತಲೆಯ ಮೇಲೆ ಹಾಕಿಕೊಂಡು ಬಂದರೂ ಒಳಗೆ ಬಿಟ್ಟಳು. ಜನವರಿಯ ಹೊತ್ತಿಗೆ ಮಗು ಅದನ್ನು ಬಾಲದ ಹಾಗೆ ನೆಲದ ಮೇಲೆ ಎಳೆದುಕೊಂಡು ಬಂದರೆ ಅಮ್ಮ ಆ ಕಡೆ ಮುಖ ತಿರುಗಿಸಿ ಸಾಸಿವೆ ಹುಡುಕುತ್ತಿದ್ದಳು.

ಇದನ್ನೆಲ್ಲ ನಡುಮನೆಯಲ್ಲಿ ಪೇಪರು ಹಿಡಿದು ಕೂತು ನಾನು ನೋಡುತ್ತಿದ್ದೆ. ಸಂತೋಷವಾಗುತ್ತಿತ್ತು, ಸುಳ್ಳಲ್ಲ. ಜೊತೆಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು, ಸ್ವಂತ ಮಗಳ ಮೇಲೆ. ನಗಬೇಡಿ, ಮದುವೆಯಲ್ಲಿ ಮಾವ ಕೊಡಿಸಿದ್ದ ರೇಷ್ಮೆ ಟೈ ಒಂದು ಪೆಟ್ಟಿಗೆಯಲ್ಲಿದೆ, ಅದನ್ನು ಕಟ್ಟಿಕೊಂಡು ಹೋದರೆ ಹೇಗೆ ಎಂಬ ಯೋಚನೆಯೂ ಬಂದಿತ್ತು. ಹಾಗೆ ನೋಡಿದರೆ ಹಬ್ಬದ ದಿನಗಳಲ್ಲಿ ನಾನೂ ಮಡಿಯುಟ್ಟು ಒಳಗೆ ಹೋದವನೇ. ಅದು ಪೂಜೆಗೆ ಹೋಗುವುದು. ನಾನೂ ದೇವರ ಕಡೆ ತಿರುಗಿರುತ್ತಿದ್ದೆ, ಅಮ್ಮನೂ ದೇವರ ಕಡೆ ತಿರುಗಿರುತ್ತಿದ್ದಳು. ಏನೂ ಕೆಲಸವಿಲ್ಲದೆ, ಬರೀ ಅವಳ ಪಕ್ಕ ಕೂರುವುದಕ್ಕೆಂದು ಬೆಳಗಿನ ಅಡುಗೆಮನೆಗೆ ನಾನು ಯಾವತ್ತೂ ಹೋಗಿರಲಿಲ್ಲ. ಸಿರಿಯನ್ನು ಕಂಡಾಗಲೆಲ್ಲ ನನಗೆ ಬೇಕಾಗಿದ್ದದ್ದು ಅದೊಂದೇ ಎಂದು ತಿಳಿಯುತ್ತಿತ್ತು. ಕೇಳುವುದು ಹೇಗೆ? ಮೀಸೆ ನರೆಯುತ್ತಿರುವ ಗಂಡಸು, ಅಮ್ಮಾ ನನ್ನನ್ನೂ ಒಳಗೆ ಸೇರಿಸಿಕೋ ಎನ್ನುವುದೇ?

ಒಂದು ಭಾನುವಾರ ಸಿರಿ ಬಂದು ನನ್ನ ಬೆರಳು ಹಿಡಿದು ಎಳೆದಳು. ಒಳಗೆ ಇಕ್ಕಳದಿಂದ ಏನೋ ಅದ್ಭುತ ನಡೆಯುತ್ತಿತ್ತಂತೆ, ಅಪ್ಪ ನೋಡಲೇಬೇಕು. ಪಂಚೆ ಎತ್ತಿ ಕಟ್ಟಿಕೊಂಡು ಅವಳ ಹಿಂದೆ ಹೋದೆ. ಹೊಸ್ತಿಲ ಹತ್ತಿರ ಬಂದಾಗ ನನ್ನ ಕಾಲು ತಾವಾಗಿಯೇ ನಿಂತವು. ಅವಳು ಎಳೆದಳು. ನಾನು ಅಲ್ಲಾಡಲಿಲ್ಲ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕಾರಣ ಹೊಳೆಯಿತೆಂದು ಕಾಣುತ್ತದೆ, "ಅಪ್ಪ ಅಂಗಿ" ಎಂದಳು. ಒಳಗೆ ಓಡಿ ಹೋಗಿ ಮಣೆಯ ಮೇಲಿದ್ದ ತನ್ನ ಅಂಗಿ ತಂದು ನನಗೆ ಹಿಡಿದಳು. ನಾನು ಬಗ್ಗಿದೆ. ಬದನೆಕಾಯಿ ಬಣ್ಣದ ಆ ಗೇಣುದ್ದದ ರೇಷ್ಮೆಯನ್ನು ನನ್ನ ಹೆಗಲ ಮೇಲೆ ಹಾಕಿ, ಬೀಳದಂತೆ ಎರಡು ಸಲ ತಟ್ಟಿದಳು.

ಅಮ್ಮ ಸೌಟು ಹಿಡಿದು ನಮ್ಮಿಬ್ಬರನ್ನೇ ನೋಡುತ್ತಿದ್ದಳು. ನನಗೆ ಅವಳ ಮುಖ ನೋಡಲು ಆಗಲಿಲ್ಲ. ತಮಾಷೆ ಮಾಡಿ ಹಿಂದಕ್ಕೆ ಹೋಗಿಬಿಡೋಣವೆಂದು ಬಾಯಿ ತೆರೆಯುತ್ತಿದ್ದೆ.

"ನಿಂತ್ಕೊಂಡೇ ಇದೀಯಲ್ಲೋ," ಎಂದಳು ಅಮ್ಮ. "ಬಾ ಒಳಗೆ."

ಹೋದೆ. ಅಮ್ಮ ಕೂತು ಅಡುಗೆ ಮಾಡುವವಳು, ಒಲೆ ಮೋಟು ಕಟ್ಟೆಯ ಮೇಲಿತ್ತು. ಅವಳ ಪಕ್ಕ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಸಿರಿ ನನ್ನ ಮುಂದೆ ಇಕ್ಕಳದಿಂದ ಒಂದು ಮುಚ್ಚಳ ಎತ್ತಿ ತೋರಿಸಿದಳು, ಅದೇ ಅದ್ಭುತ. ತಲೆಯೆತ್ತಿದಾಗ ನೇರ ಎದುರಿಗೆ ಬಾಗಿಲು ಕಂಡಿತು. ಸಂಜೆಗಳಲ್ಲಿ ಎಷ್ಟೋ ಸಲ ಒಳಗೆ ಓಡಾಡಿದ್ದೆ, ಆದರೆ ಅವಳು ಕೂರುವ ಜಾಗದಲ್ಲಿ ಕೂತು ಆ ಕಡೆ ನೋಡಿರಲಿಲ್ಲ. ನಾನು ನಿಲ್ಲುತ್ತಿದ್ದ ಜಾಗ ಅಲ್ಲಿಂದ ಪೂರ್ತಿ ಕಾಣುತ್ತಿತ್ತು.

"ಅಲ್ಲೇ ನಿಂತಿರ್ತಿದ್ದೆ ನೀನು," ಎಂದಳು ಅಮ್ಮ, ನಾನು ಏನೂ ಕೇಳದಿದ್ದರೂ. "ನಾನು ಒಂದ್ ಕಣ್ಣು ಸಾರಿನ ಮೇಲೆ, ಒಂದ್ ಕಣ್ಣು ನಿನ್ನ ಮೇಲೆ ಇಟ್ಕೊಂಡು ಅಡುಗೆ ಮಾಡಿದೀನಿ."

ಆಮೇಲೆ ಕೈಯಲ್ಲಿದ್ದ ಸೌಟು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಪಂಚೆಯ ಕೆಳಗೆ ಕಾಣುತ್ತಿದ್ದ ನನ್ನ ಮಂಡಿಯ ಮೇಲೆ ಬೆರಳಿಟ್ಟಳು. ಹಳೆಯ ಗಾಯದ ಗುರುತಿನ ಮೇಲೆ.

"ಇನ್ನೂ ಇದೆಯಲ್ಲೋ ಇದು. ಅವತ್ತು ನಿಮ್ಮ ತಾತನ ತಿಥಿ ಕಣೋ. ಬ್ರಾಹ್ಮಣರು ಎಲೆ ಮುಂದೆ ಕೂರೋ ಹೊತ್ತು. ಬರಕ್ಕಾಗ್ಲಿಲ್ಲ ನಂಗೆ."

ನನಗದು ನೆನಪಿರಲಿಲ್ಲ, ನೆನಪಿದ್ದದ್ದು ಹೊಸ್ತಿಲೊಂದೇ. ಯಾರೂ ಹೇಳಿರಲಿಲ್ಲ. ನಾನೊಬ್ಬನೇ ಇಟ್ಟುಕೊಂಡಿದ್ದೇನೆ ಎಂದುಕೊಂಡಿದ್ದ ಆ ಒಂದು ಗಂಟೆಯನ್ನು ಅವಳೂ ಇಪ್ಪತ್ತೊಂಬತ್ತು ವರ್ಷ ಇಟ್ಟುಕೊಂಡಿದ್ದಳು.

"ನೋವಾಗತ್ತೇನೋ?"

"ಇಲ್ಲಮ್ಮ," ಎಂದೆ. ಅಮ್ಮ ಕೈ ತೆಗೆಯಲಿಲ್ಲ. ಸಾರು ಉಕ್ಕಿತು. ಅವತ್ತು ಅವಳು ಮತ್ತೆ ಸ್ನಾನ ಮಾಡಲಿಲ್ಲ. ದೇವರಿಗೆ ಅದೇ ಅಡುಗೆಯ ನೈವೇದ್ಯವಾಯಿತು, ಯಾರೂ ಆ ಬಗ್ಗೆ ಮಾತೆತ್ತಲಿಲ್ಲ.

ಮುಂದಿನ ಭಾನುವಾರವೂ ಹೋಗಬಹುದಿತ್ತು. ಹೋಗಲಿಲ್ಲ. ಅಂಗಿ ಮಗುವಿನದು, ದಿನಾ ಕೇಳುವುದಕ್ಕೆ ಸಂಕೋಚ. ಅಷ್ಟರಲ್ಲಿ ಸಿರಿಗೆ ಇಕ್ಕಳದ ಮೋಹವೂ ಇಳಿಯಿತು, ಅವಳ ಕಣ್ಣು ಬೀದಿಯ ನಾಯಿಮರಿಗಳ ಮೇಲೆ ಬಿತ್ತು. ನಾಯಿಮರಿ ಮುಟ್ಟಲು ಅಂಗಿ ಬೇಕಿಲ್ಲವೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಅಮ್ಮ ಹೋಗಿ ಆರು ವರ್ಷವಾಯಿತು. ಆ ಮನೆಯನ್ನು ಕೆಡವಿ ಹೊಸದು ಕಟ್ಟಿಸಿದೆವು. ಈಗಿನ ಅಡುಗೆಮನೆಗೆ ಹೊಸ್ತಿಲಿರಲಿ, ಬಾಗಿಲೇ ಇಲ್ಲ. ಯಾರು ಬೇಕಾದರೂ ಯಾವಾಗ ಬೇಕಾದರೂ ಹೋಗಿ ಫ್ರಿಜ್ಜು ತೆಗೆಯಬಹುದು. ಆದರೂ ಬೆಳಿಗ್ಗೆ ಆ ಜಾಗಕ್ಕೆ ಬಂದಾಗ ನಾನು ಒಂದು ಗಳಿಗೆ ನಿಲ್ಲುತ್ತೇನೆ. "ಯಾಕ್ರೀ, ಏನ್ ಬೇಕಿತ್ತು?" ಎನ್ನುತ್ತಾಳೆ ಸುಮಾ. ಏನಿಲ್ಲ ಎನ್ನುತ್ತೇನೆ. ಬೇಕಾದದ್ದು ಅಲ್ಲಿಲ್ಲ.

ಇಷ್ಟೆಲ್ಲ ನೆನೆಸಿಕೊಂಡು ನೆಲದ ಮೇಲೆ ಕೂತಿದ್ದಾಗ ಸಿರಿ ಊಟಕ್ಕೆ ಕರೆಯಲು ಬಂದಳು. ಸುರಿದ ಸಾಮಾನು ಹಾಗೇ ಬಿದ್ದಿತ್ತು, ಅಂಗಿ ನನ್ನ ಕೈಯಲ್ಲೇ ಇತ್ತು.

"ಹೇಳ್ಲೇ ಇಲ್ವಲ್ಲಪ್ಪ, ಯಾವ ಗೊಂಬೇದು ಅದು?"

"ಗೊಂಬೇದಲ್ಲ ಕಣೆ. ನಂದು."

ಅವಳು ಜೋರಾಗಿ ನಕ್ಕಳು. "ನಿಂದಾ? ನಿನ್ನ ಒಂದು ಕೈನೂ ತೂರಲ್ಲ ಅದ್ರಲ್ಲಿ!"

"ತೂರಿಸ್ಲಿಲ್ಲ. ಹೆಗಲ ಮೇಲೆ ಹಾಕ್ಕೊಂಡಿದ್ದೆ," ಎಂದೆ. "ಒಂದೇ ಸಲ."